ಎಫ್.ಸಿ., ಇನ್ಶೂರೆನ್ಸ್, ಬಾಕಿ ದಂಡ: ಗಾಡಿಯ ದಾಖಲೆ ಸರಿಪಡಿಸಿಕೊಳ್ಳುವುದು ಹೇಗೆ?

ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ 500 ರೂಪಾಯಿ ದಂಡ. ವಿಮೆಯಿಲ್ಲದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 196ನೇ ಸೆಕ್ಷನ್ನಿನಂತೆ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ರೂಪಾಯಿ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಜನ ಅಂಜುವುದು ಈ ದಂಡಕ್ಕೆ. ಆದರೆ ವಿಮೆಯಿಲ್ಲದ ಬೈಕಿನಿಂದ ದಾರಿಹೋಕರೊಬ್ಬರ ಪ್ರಾಣ ಹೋದರೆ, ಅಪಘಾತ ಪರಿಹಾರ ನ್ಯಾಯಮಂಡಳಿ ಗೊತ್ತುಮಾಡುವ ಲಕ್ಷಗಟ್ಟಲೆ ಹಣವನ್ನು ಮಾಲೀಕರೇ ತಮ್ಮ ಮನೆ, ಜಮೀನು ಮಾರಿಯಾದರೂ ಕಟ್ಟಬೇಕಾಗಬಹುದು.

ಮೊದಲು ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರ್ ಹಾಕಿ, ನೋಂದಣಿ, ಎಫ್.ಸಿ. (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ), ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟ್‌ಗಳ ಅವಧಿ ಮುಗಿಯುವ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ಬೈಕಿಗೆ ಐದು ವರ್ಷ, ಕಾರಿಗೆ ಮೂರು ವರ್ಷ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಪರಿಹಾರ ಕೊಡುವ ವಿಮೆ) ಕಡ್ಡಾಯವಾಗಿ ಬಂದಿರುತ್ತದೆ. ಸ್ವಂತ ಗಾಡಿಯ ಹಾನಿಗೆ ಸಿಗುವ ರಕ್ಷಣೆ ಮಾತ್ರ ಹಲವರಿಗೆ ಒಂದೇ ವರ್ಷದ್ದು. ಆದ್ದರಿಂದ ಪಾಲಿಸಿಯ ಮೇಲಿನ ಎರಡೂ ದಿನಾಂಕಗಳನ್ನು ನೋಡಬೇಕು.

ಆಮೇಲೆ ಬಾಕಿ ದಂಡ. ಬೆಂಗಳೂರಿನವರು ಸಂಚಾರ ಪೊಲೀಸರ ಆ್ಯಪ್‌ನಲ್ಲಿ ಅಥವಾ ಠಾಣೆಯಲ್ಲಿ ವಿಚಾರಿಸಬಹುದು. ಪ್ರತಿ ಚಲನ್‌ನ ಫೋಟೋ ತೆರೆದು ನೋಡಿ. ಗಾಡಿಯೇ ಬೇರೆಯಾಗಿದ್ದರೆ ಹಣ ಕಟ್ಟದೆ ದಾಖಲೆ ಸಮೇತ ಆಕ್ಷೇಪಣೆ ಸಲ್ಲಿಸಿ. ರಾಜ್ಯ ಸರ್ಕಾರ 2023ರಲ್ಲಿಯೂ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿಯೂ ಬಾಕಿ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಕೊಟ್ಟಿತ್ತು. ಮತ್ತೊಂದು ರಿಯಾಯಿತಿ ಬರಲೆಂದು ಕಾಯುವುದು ಒಳ್ಳೆಯದಲ್ಲ, ಏಕೆಂದರೆ ಆ ನಡುವೆ ಗಾಡಿ ಮಾರಬೇಕಾಗಿ ಬಂದರೆ ಕೊಳ್ಳುವವರು ಕೇಳುವುದು ಇದನ್ನೇ.

ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು. ಸ್ವಂತ ಬಳಕೆಯ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000, ಬೈಕಿಗೆ 1,000 ರೂಪಾಯಿ. 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟ್‌ನಲ್ಲಿ ಅದು ಕ್ರಮವಾಗಿ 10,000 ಮತ್ತು 2,000ಕ್ಕೆ ಏರಿತು. ಆರ್.ಟಿ.ಒ. ಕಚೇರಿಗೆ ಹೋಗುವ ಮುನ್ನ ಹೆಡ್‌ಲೈಟ್, ಬ್ರೇಕ್, ಟೈರ್, ಹಾರ್ನ್ ಇವನ್ನು ಮೆಕ್ಯಾನಿಕ್ ಬಳಿ ತೋರಿಸಿ, ಎಮಿಷನ್ ಟೆಸ್ಟ್ ಮುಗಿಸಿಕೊಂಡು ಹೋಗುವುದು ಜಾಣತನ. ಎಫ್.ಸಿ. ತಪ್ಪಿದ ಸಾರಿಗೆ ವಾಹನವನ್ನು ಕಾಯ್ದೆಯ 56ನೇ ಸೆಕ್ಷನ್ ಸಿಂಧುವಾಗಿ ನೋಂದಣಿಯಾದ ವಾಹನವೆಂದೇ ಒಪ್ಪುವುದಿಲ್ಲ. ವಿಮೆ ಕಂಪನಿ ಕ್ಲೇಮ್ ನಿರಾಕರಿಸಲು ಹಿಡಿಯುವ ಎಳೆ ಇದೇ.

ವಿಮೆಯ ವಿಚಾರದಲ್ಲಿ ಹೆಚ್ಚು ಎಚ್ಚರ ಬೇಕು. ಅವಧಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಳೆದುಹೋಗುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 12,000 ಇದ್ದು ಶೇ 50ರ ಬೋನಸ್ ಗಳಿಸಿದ್ದವರು 6,000 ಕಟ್ಟುತ್ತಿದ್ದರೆ, ಇನ್ನು ಪೂರ್ತಿ 12,000 ಕಟ್ಟಬೇಕು. ಗಾಡಿಯ ತಪಾಸಣೆಯನ್ನೂ ಮಾಡಿಸಬೇಕಾಗುತ್ತದೆ. ಹಿಂದೆ ಕ್ಲೇಮ್ ಪಡೆದದ್ದನ್ನು ಮುಚ್ಚಿಟ್ಟು ಬೋನಸ್ ಕೇಳುವುದು, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದು, ಆರ್.ಸಿ.ಯಲ್ಲಿ ನಮೂದಿಸದೆ ಗ್ಯಾಸ್ ಕಿಟ್ ಹಾಕಿಸುವುದು, ಪ್ರೀಮಿಯಂಗೆ ಕೊಟ್ಟ ಚೆಕ್ ಬೌನ್ಸ್ ಆಗುವುದು, ಇವೆಲ್ಲ ಪಾಲಿಸಿಯ ಬಲವನ್ನು ಕುಂದಿಸುತ್ತವೆ. ಹಳೆಯ ಗಾಡಿ ಕೊಂಡವರು ವರ್ಗಾವಣೆಯಾದ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು.

ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟು ಅಪಘಾತವಾದಾಗ, ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದಂತೆ, ಕಂಪನಿ ಮೊದಲು ನೊಂದವರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲು ಮಾಡುವಂತೆ ಆದೇಶವಾಗಬಹುದು. ನೊಂದ ಕುಟುಂಬಕ್ಕೆ ಇದು ದೊಡ್ಡ ಆಸರೆ, ಮಾಲೀಕರಿಗೆ ಮಾತ್ರ ಬಿಡುಗಡೆಯಿಲ್ಲ. ಕ್ಲೇಮ್ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಂಪನಿಯ ದೂರು ವಿಭಾಗಕ್ಕೆ ಬರೆದ ಮೇಲೂ ಸರಿಹೋಗದಿದ್ದರೆ ವಿಮಾ ಗ್ರಾಹಕರ ದೂರು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ದೂರು ಕೊಡಬಹುದು.