ಶೀರ್ಷಿಕೆ ನೋಡಿ ಮುಚ್ಚಿದ ಪ್ರಶ್ನೆ

ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ 3,000 ಖ್ಯಾತಿ ಅಂಕ ಗಳಿಸಿದವರು ಪ್ರಶ್ನೆ ಮುಚ್ಚಲು, ಅಂದರೆ ಅದಕ್ಕೆ ಹೊಸ ಉತ್ತರ ಬರದಂತೆ ತಡೆಯಲು, ಮತ ಹಾಕಬಹುದು. ಮೂರು ಮತ ಬಿದ್ದರೆ ಮುಚ್ಚಿದಂತೆ. ಆದರೆ ಒಂದು ವಿಷಯದಲ್ಲಿ ಬಹಳ ಉತ್ತರ ಬರೆದು ಚಿನ್ನದ ಬ್ಯಾಡ್ಜ್ ಗಳಿಸಿದವರು ಆ ವಿಷಯದ ಪ್ರಶ್ನೆಯನ್ನು 'ಇದನ್ನು ಮೊದಲೇ ಕೇಳಲಾಗಿದೆ' ಎಂದು ಒಬ್ಬರೇ ಮುಚ್ಚಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಬ್ಯಾಡ್ಜ್ ಬಂದ ಮೇಲೆ ನಾನು ದಿನವೂ ಹೊಸ ಪ್ರಶ್ನೆಗಳನ್ನು ಸೋಸಲು ಕೂರುತ್ತಿದ್ದೆ.

ಒಂದು ದಿನ 0.1ಕ್ಕೆ 0.2 ಕೂಡಿಸಿದರೆ 0.30000000000000004 ಏಕೆ ಬರುತ್ತದೆ ಎಂಬ ಶೀರ್ಷಿಕೆ ಕಂಡಿತು. ಕಂಪ್ಯೂಟರ್ ಇಂಥ ಸಂಖ್ಯೆಯನ್ನು ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಇಡುತ್ತದೆ; ಅಲ್ಲಿ 0.1 ನಿಖರವಾಗಿ ಕೂರುವುದಿಲ್ಲ. ಇದಕ್ಕೆ ಒಳ್ಳೆಯ ಉತ್ತರ ಎಂದೋ ಇದೆ. ಅದರ ಕೊಂಡಿ ಕೊಟ್ಟು ಮುಚ್ಚಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಕೇಳಿದವರ ಮಾತು ಬಂತು: "ಆ ಉತ್ತರ ಓದಿದ ಮೇಲೇ ಕೇಳಿದ್ದು ಸರ್. ಕಾರಣ ಗೊತ್ತು. ಹಣದ ಲೆಕ್ಕ ತಪ್ಪದಂತೆ ಏನು ಮಾಡಲಿ ಅನ್ನೋದು ನನ್ನ ಪ್ರಶ್ನೆ." ಪ್ರಶ್ನೆಯನ್ನು ಮತ್ತೊಮ್ಮೆ ಓದಿ ನೋಡಿದೆ. ಕೊನೆಯ ಪ್ಯಾರಾದಲ್ಲಿ ಅದನ್ನು ಸ್ಪಷ್ಟವಾಗಿಯೇ ಬರೆದಿದ್ದರು. ನಾನು ಅಲ್ಲಿಯವರೆಗೆ ಓದಿರಲೇ ಇಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಕ್ಷಮೆ ಕೇಳಿ, ಪ್ರಶ್ನೆಯನ್ನು ಮತ್ತೆ ತೆರೆದು, ಉತ್ತರ ಬರೆದೆ: ಮೊತ್ತವನ್ನು ಅತಿ ಸಣ್ಣ ನಾಣ್ಯದ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ, ಇಲ್ಲವೇ ದಶಮಾಂಶ ಸಂಖ್ಯೆಯನ್ನು ನಿಖರವಾಗಿ ಇಡುವ ಪೈಥಾನ್‌ನ ಡೆಸಿಮಲ್ ಬಳಸಿ. ಡೆಸಿಮಲ್‌ಗೆ 0.1 ಅನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಡಬೇಕು; ಆ ಚಿಹ್ನೆ ಇಲ್ಲದೆ ಕೊಟ್ಟರೆ ಹಳೆಯ ದೋಷ ಒಳಗೆ ಬಂದೇ ಬರುತ್ತದೆ.

ಆಮೇಲಿಂದ ಕೊನೆಯ ಪ್ಯಾರಾವನ್ನೇ ಮೊದಲು ಓದುತ್ತೇನೆ. ಜನ ಹಿನ್ನೆಲೆಯನ್ನೆಲ್ಲ ಹೇಳಿ ಮುಗಿಸಿ, ಬೇಕಾದದ್ದನ್ನು ಅಲ್ಲಿ ಕೇಳುತ್ತಾರೆ. ಹಳೆಯ ಉತ್ತರಕ್ಕೆ ಕಳಿಸುವಾಗ ಅದರ ಯಾವ ಭಾಗ ಅವರಿಗೆ ಸಲ್ಲುತ್ತದೆ ಎಂದು ಒಂದು ಸಾಲು ಸೇರಿಸುತ್ತೇನೆ. ವಿವರ ಸಾಲದಿದ್ದರೆ 'ಸ್ಪಷ್ಟವಾಗಿ ಬರೆಯಿರಿ' ಎನ್ನುವುದಿಲ್ಲ. ಅದರಿಂದ ಹೊಸಬರಿಗೆ ಏನೂ ತಿಳಿಯದು. ದೋಷ ಮರುಕಳಿಸುವಷ್ಟೇ ಪುಟ್ಟ ಕೋಡ್, ಪರದೆಯ ಮೇಲೆ ಬಂದ ದೋಷ ಸಂದೇಶ ಪೂರ್ತಿಯಾಗಿ, ಇವೆರಡನ್ನು ಕೇಳುತ್ತೇನೆ. ಎಷ್ಟೋ ಸಲ ಕೋಡ್ ಕಿರಿದು ಮಾಡುತ್ತಲೇ ಅವರಿಗೆ ತಪ್ಪು ಸಿಕ್ಕಿದೆ.

ಚಾಟ್‌ಜಿಪಿಟಿಯಿಂದ ಬರೆಸಿದ ಉತ್ತರಗಳನ್ನು ಅಲ್ಲಿ 2022ರ ಡಿಸೆಂಬರ್‌ನಲ್ಲೇ ನಿಷೇಧಿಸಿದರು. ಆದರೆ ಬರವಣಿಗೆಯ ಧಾಟಿ ನೋಡಿ ಯಾರ ಮೇಲೂ ಆರೋಪ ಹೊರಿಸಲು ನನಗೆ ಮನಸ್ಸಿಲ್ಲ. ಉತ್ತರದ ಕೋಡನ್ನು ಓಡಿಸಿ ನೋಡುತ್ತೇನೆ. ಇಲ್ಲದ ಫಂಕ್ಷನ್ ಕರೆದಿದ್ದರೆ, ಬರೆದವರು ಯಾರೇ ಆಗಿರಲಿ, ಆ ಸಾಲನ್ನು ಎತ್ತಿ ತೋರಿಸಿ ಕೆಳಮತ, ಅಂದರೆ ಉತ್ತರ ಸರಿಯಿಲ್ಲ ಎಂಬ ಮತ, ಹಾಕುತ್ತೇನೆ. ಅವರು ತಿದ್ದಿದರೆ ಮತ ಹಿಂತೆಗೆದುಕೊಳ್ಳುತ್ತೇನೆ.