ನೆತ್ತಿಯ ಮೇಲಿನ ಆಕಾಶಕ್ಕೆ ಒಗ್ಗಿಸಿಕೊಂಡ ಡಾಬ್ಸನ್ ಮೌಂಟ್

ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮಂಡ್ಯ 12.5ರಲ್ಲಿ. ಟೆಲಿಸ್ಕೋಪಿಗೆ ಮೌಂಟ್ (ಕೊಳವೆಯನ್ನು ಹೊತ್ತು ತಿರುಗಿಸುವ ಪೀಠ) ಆರಿಸುವಾಗ ಈ ಒಂದು ಅಂಕಿ ನೆನಪಿದ್ದರೆ ಸಾಕಷ್ಟು ದುಡ್ಡು ಉಳಿಯುತ್ತದೆ. ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಸುಮಾರು 12 ಡಿಗ್ರಿ ಮೇಲೆ ಮಾತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಅದಕ್ಕಿಂತ ಚೂರು ಎತ್ತರ. ಪಕ್ಕದ ಮನೆಯ ನೀರಿನ ಟ್ಯಾಂಕೋ ತೆಂಗಿನ ಗರಿಯೋ ಅದನ್ನು ಮರೆಮಾಡುತ್ತದೆ, ಉಳಿದದ್ದನ್ನು ಊರಿನ ಧೂಳು ನುಂಗುತ್ತದೆ. ಗ್ರಹಗಳು ಸಾಗುವ ಕ್ರಾಂತಿವೃತ್ತವಾದರೋ ನಮ್ಮ ನೆತ್ತಿಯ ಆಸುಪಾಸಿನಲ್ಲೇ ಹಾಯುತ್ತದೆ. ಕೃತ್ತಿಕೆ ಮಧ್ಯಾಹ್ನರೇಖೆ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ) ದಾಟುವಾಗ 78 ಡಿಗ್ರಿ ಎತ್ತರದಲ್ಲಿರುತ್ತದೆ, ಆರಿದ್ರಾ 85ರಲ್ಲಿ, ಮಹಾವ್ಯಾಧನ ನೆಬ್ಯುಲಾ 72ರಲ್ಲಿ. ದೂರದ ಉತ್ತರದ ದೇಶಗಳ ಆಕಾಶ ನೋಡಿ ರೂಪಿಸಿದ ಮೌಂಟುಗಳು ಈ ಎರಡೂ ಕಡೆ ತಡವರಿಸುತ್ತವೆ.

ಕೈಯಿಂದ ತಿರುಗಿಸುವ ಇಕ್ವಟೋರಿಯಲ್ ಮೌಂಟನ್ನು ನಾನು ಬಿಟ್ಟದ್ದು ಇದಕ್ಕೇ. ಧ್ರುವ ನಕ್ಷತ್ರದ ಕಡೆ ತಿರುಗಿರಬೇಕಾದ ಅದರ ಧ್ರುವಾಕ್ಷವನ್ನು 12 ಡಿಗ್ರಿಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಪ್ರತಿತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ನ್ಯೂಟೋನಿಯನ್ ಕೊಳವೆ (ಕನ್ನಡಿಯಿಂದ ಬೆಳಕು ಸೇರಿಸಿ ಪಕ್ಕದಿಂದ ನೋಡುವಂಥದ್ದು) ಹಾಕಿದರೆ ಐಪೀಸ್, ಅಂದರೆ ಕಣ್ಣಿಡುವ ಮಸೂರ, ಯಾವುದೋ ಮೂಲೆಗೆ ತಿರುಗಿ ಕೂರುತ್ತದೆ. ಫೋಟೋ ತೆಗೆಯುವವರಿಗೆ ಈ ಕಷ್ಟ ಅನಿವಾರ್ಯ. ಬರಿಗಣ್ಣನ್ನು ಐಪೀಸಿಗೆ ಇಟ್ಟು ನೋಡುವವರಿಗೆ ಬೇಡ. 200 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ (ಅಡ್ಡಕ್ಕೂ ಮೇಲೆ ಕೆಳಗೂ ತಿರುಗುವ ಸರಳ ಪೀಠದ ಟೆಲಿಸ್ಕೋಪ್) ಇಟ್ಟುಕೊಂಡು, ಅದರ ಮರದ ಪೀಠವನ್ನು ನಮ್ಮ ಆಕಾಶಕ್ಕೂ ನಮ್ಮ ಹವೆಗೂ ಹೊಂದಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೀಠದ ಹಲಗೆ. ಕಾರ್ಖಾನೆಯಿಂದ ಬರುವ ಪೀಠಗಳು ಸಾಮಾನ್ಯವಾಗಿ ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಪುಡಿಗೆ ಅಂಟು ಕಲಸಿ ಒತ್ತಿದ್ದು. ಎರಡು ಮಳೆಗಾಲ ಕಳೆದರೆ ಸ್ಕ್ರೂ ರಂಧ್ರಗಳ ಸುತ್ತ ಮತ್ತು ಕೆಳಗಿನ ಅಂಚಿನಲ್ಲಿ ಉಬ್ಬುತ್ತದೆ. ಉಬ್ಬಿದ ಮೇಲೆ ಸ್ಕ್ರೂ ಹಿಡಿಯುವುದಿಲ್ಲ, ಪಕ್ಕದ ಹಲಗೆಗಳು ಅಲುಗುತ್ತವೆ, ಆ ಅಲುಗಾಟ 200 ಪಟ್ಟು ದೊಡ್ಡದಾಗಿ ಐಪೀಸಿನಲ್ಲಿ ಕಾಣುತ್ತದೆ. ಹಳೆಯ ಹಲಗೆಗಳನ್ನೇ ಅಚ್ಚಾಗಿಟ್ಟು 18 ಮಿ.ಮೀ. ಮರೈನ್ ಪ್ಲೈವುಡ್ಡಿನಲ್ಲಿ ಬಡಗಿಯಿಂದ ಕತ್ತರಿಸಿಕೊಂಡರೆ ಒಂದು ದಿನದ ಕೆಲಸ. ಪ್ಲೈ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿಕೊಳ್ಳಿ. ಐಎಸ್ 303 ಸಾಮಾನ್ಯ ಬಳಕೆಯದು. ಕತ್ತರಿಸಿದ ಅಂಚುಗಳಿಗೆ ಮೂರು ಕೋಟ್ ಪಿಯು (ಪಾಲಿಯುರೆಥೇನ್) ವಾರ್ನಿಶ್ ಕುಡಿಸಬೇಕು. ನೀರು ಒಳಹೋಗುವುದು ಅಂಚಿನಿಂದ, ಮುಖದಿಂದಲ್ಲ. ಕೀಲುಗಳಿಗೆ ಮರದ ಸ್ಕ್ರೂ ಬದಲು ಬೋಲ್ಟ್ ಮತ್ತು ಅಡ್ಡ ಬ್ಯಾರೆಲ್ ನಟ್ ಹಾಕಿದರೆ ಎಷ್ಟು ಸಲ ಬಿಚ್ಚಿ ಕಟ್ಟಿದರೂ ಸಡಿಲವಾಗುವುದಿಲ್ಲ.

ಇನ್ನು ಚಲನೆ. ಕೈಮೌಂಟಿನ ಯೋಗ್ಯತೆ ನಿಂತಿರುವುದು ಇದರ ಮೇಲೆ: ಬೆರಳು ತಾಗಿಸಿದಷ್ಟೇ ಸರಿಯಬೇಕು, ಬೆರಳು ತೆಗೆದ ಕ್ಷಣ ಅಲ್ಲೇ ನಿಲ್ಲಬೇಕು. ಅಡ್ಡ ತಿರುಗುವ ಅಕ್ಷಕ್ಕೆ ರೋಲರ್ ಬೇರಿಂಗ್ ಇರುವ ಪೀಠಗಳು ಅಂಗಡಿಯಲ್ಲಿ ಬಹಳ ಹಗುರವಾಗಿ ತಿರುಗಿ ಮೆಚ್ಚುಗೆ ಪಡೆಯುತ್ತವೆ, ಆದರೆ ಗಾಳಿಗೂ ಅಷ್ಟೇ ಹಗುರವಾಗಿ ತಿರುಗುತ್ತವೆ. ಅಮೆರಿಕದ ಹವ್ಯಾಸಿ ಖಗೋಳ ವೀಕ್ಷಕ ಜಾನ್ ಡಾಬ್ಸನ್ ಜನಪ್ರಿಯಗೊಳಿಸಿದ ಸರಳ ಪೀಠದಲ್ಲಿ ಟೆಫ್ಲಾನ್ ತುಂಡುಗಳ ಮೇಲೆ ಲ್ಯಾಮಿನೇಟ್ ಜಾರುವ ವ್ಯವಸ್ಥೆಯೇ ಇವತ್ತಿಗೂ ಉತ್ತಮ. ಕಾರಣ, ಟೆಫ್ಲಾನಿನಲ್ಲಿ ಜರುಗಲು ಶುರುವಾಗಲು ಬೇಕಾದ ಬಲಕ್ಕೂ ಜರುಗುತ್ತಿರಲು ಬೇಕಾದ ಬಲಕ್ಕೂ ಅಂತರ ಕಡಿಮೆ. ಆ ಅಂತರ ಹೆಚ್ಚಿದ್ದರೆ ಕೊಳವೆ ಮೊದಲು ಅಂಟಿಕೊಂಡು ಆಮೇಲೆ ಜಿಗಿಯುತ್ತದೆ, ಗುರು ಗ್ರಹ ದೃಷ್ಟಿಯಿಂದಲೇ ಹಾರಿಹೋಗುತ್ತದೆ.

ಟೆಫ್ಲಾನ್ ತುಂಡಿನ ಅಳತೆಗೆ ಲೆಕ್ಕವಿದೆ. ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಭಾರ ಬೀಳಬೇಕು. ಕೊಳವೆ ಮತ್ತು ತಿರುಗುವ ಪೆಟ್ಟಿಗೆ ಸೇರಿ 18 ಕೆ.ಜಿ. ಎಂದುಕೊಳ್ಳಿ, ಮೂರು ತುಂಡುಗಳಿಗೆ ಹಂಚಿದರೆ ತಲಾ 6 ಕೆ.ಜಿ., ಅಂದರೆ ತಲಾ 2.5 ಸೆಂ.ಮೀ. ಚೌಕದ ತುಂಡು. ದೊಡ್ಡ ತುಂಡು ಹಾಕಿದರೆ ನುಣುಪು ಹೆಚ್ಚುತ್ತದೆ ಎಂಬುದು ತಪ್ಪು ಎಣಿಕೆ; ಒತ್ತಡ ಕಡಿಮೆಯಾದಂತೆ ಟೆಫ್ಲಾನಿನ ಘರ್ಷಣೆಯ ಗುಣಾಂಕ ಏರುತ್ತದೆ. 3 ಮಿ.ಮೀ. ದಪ್ಪದ ಹಾಳೆ ಗ್ಯಾಸ್ಕೆಟ್, ಆಯಿಲ್ ಸೀಲ್ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಅಂಟು ಇದಕ್ಕೆ ಹಿಡಿಯುವುದಿಲ್ಲ, ಹಿತ್ತಾಳೆಯ ಚಿಕ್ಕ ಸ್ಕ್ರೂ ಹಾಕಿ ತಲೆಯನ್ನು ಮೇಲ್ಮೈಗಿಂತ ಒಂದು ಮಿ.ಮೀ. ಒಳಗೆ ಹೂಳಬೇಕು. ಮೂರೂ ತುಂಡುಗಳು ಕೆಳಹಲಗೆಯ ಮೂರು ಕಾಲುಗಳ ನೇರ ಮೇಲೆಯೇ ಇರಬೇಕು. ನಡುವೆ ಎಲ್ಲೋ ಇಟ್ಟರೆ ಹಲಗೆ ಬಾಗಿ ಸ್ಪ್ರಿಂಗಿನಂತೆ ಕುಣಿಯುತ್ತದೆ. ಮೇಲೆ ಜಾರುವ ಲ್ಯಾಮಿನೇಟ್ ಕನ್ನಡಿಯಂತೆ ಹೊಳೆಯುವುದು ಬೇಡ, ಸಣ್ಣ ಉಬ್ಬುತಗ್ಗುಗಳ ಒರಟು ನಮೂನೆ ಬೇಕು. ನುಣುಪಾದದ್ದು ಟೆಫ್ಲಾನಿಗೆ ಕಚ್ಚಿಕೊಳ್ಳುತ್ತದೆ.

ಸರಿಯಾಯಿತೇ ಎಂದು ತಿಳಿಯಲು ಲಗೇಜ್ ತೂಗುವ ಕೈತಕ್ಕಡಿ ಸಾಕು. ಕೊಳವೆಯನ್ನು 45 ಡಿಗ್ರಿಗೆ ನಿಲ್ಲಿಸಿ, ಬಾಯಿಯ ಹತ್ತಿರ ದಾರ ಕಟ್ಟಿ, ನಿಧಾನ ಎಳೆಯಿರಿ. ಅಡ್ಡಕ್ಕೂ ಮೇಲಕ್ಕೂ 700 ಗ್ರಾಂನಿಂದ 1 ಕೆ.ಜಿ. ಒಳಗೆ ಜರುಗಿದರೆ ಒಳ್ಳೆಯ ಮೌಂಟ್. ಎರಡೂ ಅಕ್ಷಗಳು ಹೆಚ್ಚುಕಡಿಮೆ ಒಂದೇ ಆಗಿರುವುದು ಅಂಕಿಗಿಂತ ಮುಖ್ಯ, ಇಲ್ಲದಿದ್ದರೆ ಓರೆಯಾಗಿ ತಳ್ಳಿದಾಗ ಕೊಳವೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ.

ನಮ್ಮ ಅಕ್ಷಾಂಶದ ವಿಶೇಷ ಇಲ್ಲಿ ಮತ್ತೆ ಬರುತ್ತದೆ. ಪೂರ್ವದಲ್ಲಿ ಹುಟ್ಟುವ ನಕ್ಷತ್ರ ನಮಗೆ ನೆಟ್ಟಗೆ ಮೇಲೇರುತ್ತದೆ, ನಾಲ್ಕು ನಿಮಿಷಕ್ಕೆ ಹತ್ತಿರ ಹತ್ತಿರ 1 ಡಿಗ್ರಿ. ಹಾಗಾಗಿ ಅದನ್ನು ಹಿಂಬಾಲಿಸುವಾಗ ದುಡಿಯುವುದೆಲ್ಲ ಮೇಲೆ ಕೆಳಗಿನ ಅಕ್ಷವೇ. ಅದರ ಬೇರಿಂಗಿಗೆ ಕಾರಿನ ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಒರೆಸಿಬಿಡಿ. ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ. ನಕ್ಷತ್ರ ನೆತ್ತಿಯ ಹತ್ತಿರ ಬಂದಾಗ ಆಟ ಒಮ್ಮೆಲೇ ತಿರುಗಿ, ಅಡ್ಡಕ್ಕೆ ಬಹಳಷ್ಟು ತಿರುಗಿಸಬೇಕಾಗುತ್ತದೆ. ಆಗ ಕೊಳವೆ ನೆಟ್ಟಗೆ ನಿಂತಿರುವುದರಿಂದ ಅದರ ಬಾಯಿ ಹಿಡಿದು ತಳ್ಳಿದರೆ ಸನ್ನೆಯ ಬಲವೇ ಸಿಗುವುದಿಲ್ಲ. 45 ಡಿಗ್ರಿಯಲ್ಲಿ ಬೇಕಾಗುವ ಬಲದ ನಾಲ್ಕು ಪಟ್ಟು 80 ಡಿಗ್ರಿಯಲ್ಲಿ ಬೇಕು.

ಇದಕ್ಕೆ ಮೂರು ಉಪಾಯ ಮಾಡಿಕೊಂಡಿದ್ದೇನೆ. ತಿರುಗುವ ಪೆಟ್ಟಿಗೆಯ ಪಕ್ಕದ ಹಲಗೆಗೆ ಹೊರಚಾಚಿದ ಒಂದು ಮರದ ಹಿಡಿ ಬಿಗಿದು, ನೆತ್ತಿಯ ಹತ್ತಿರ ಕೊಳವೆಯನ್ನು ಬಿಟ್ಟು ಆ ಹಿಡಿಯನ್ನೇ ತಳ್ಳುವುದು ಒಂದು. ನಡುವಿನ ಬೋಲ್ಟಿಗೆ ವಾಷರ್ ಸೇರಿಸುವುದು ಎರಡನೆಯದು: 5 ಲೀಟರಿನ ಅಡುಗೆ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ಕನ್ನು ದುಂಡಗೆ ಕತ್ತರಿಸಿ ಎರಡು ಹಲಗೆಗಳ ನಡುವೆ ಒಂದೊಂದಾಗಿ ಪೇರಿಸುತ್ತಾ ಹೋದರೆ ಭಾರದ ಒಂದು ಪಾಲು ಟೆಫ್ಲಾನಿನಿಂದ ನಡುವಿಗೆ ಸರಿದು ತಿರುಗಾಟ ಹಗುರವಾಗುತ್ತದೆ. ಪೆಟ್ಟಿಗೆ ಓಲಾಡತೊಡಗಿದರೆ ಒಂದು ವಾಷರ್ ಜಾಸ್ತಿಯಾಯಿತೆಂದು ಅರ್ಥ, ತೆಗೆಯಿರಿ. ಮೂರನೆಯದು ಖರ್ಚಿಲ್ಲದ್ದು. ನೆತ್ತಿ ದಾಟುವ ವಸ್ತುವನ್ನು ಒಂದೂವರೆ ಗಂಟೆ ಮೊದಲೋ ಆಮೇಲೋ ನೋಡಿದರೆ ಅದು 68 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಿಂಬದ ಗುಣಮಟ್ಟದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಕೊಳವೆಯ ಸಮತೋಲದ ಕೊರತೆಯನ್ನು ಬಹಳ ಜನ ಸ್ಕ್ರೂ ಬಿಗಿ ಮಾಡಿ ಮುಚ್ಚಿಹಾಕುತ್ತಾರೆ. ಬಿಗಿ ಮಾಡಿದರೆ ಮೃದು ಚಲನೆ ಸಾಯುತ್ತದೆ. ಅಕ್ಷದಿಂದ 60 ಸೆಂ.ಮೀ. ದೂರದಲ್ಲಿ 500 ಗ್ರಾಂನ ಐಪೀಸ್ ಹಾಕಿದಿರಿ ಎಂದರೆ, ಹಿಂದೆ 40 ಸೆಂ.ಮೀ. ದೂರದಲ್ಲಿ 750 ಗ್ರಾಂ ಬೇಕು. ಉಕ್ಕಿನ ಕೊಳವೆಯಾದರೆ ಹಳೆಯ ಸ್ಪೀಕರಿನ ಅಯಸ್ಕಾಂತಗಳು ಸಾಕು, ಜಾರಿಸಿ ಸರಿಹೊಂದಿಸಬಹುದು. ತಗ್ಗಿನಲ್ಲಿ ನೋಡುವಾಗ ಇದರ ಪರೀಕ್ಷೆ. ಅಗಸ್ತ್ಯ ನಮಗೆ 25 ಡಿಗ್ರಿಗಿಂತ ಮೇಲೇರುವುದಿಲ್ಲ, ಒಮೆಗಾ ಸೆಂಟಾರಿ ಗುಚ್ಛ 30ಕ್ಕೆ ನಿಲ್ಲುತ್ತದೆ. ಆ ಎತ್ತರದಲ್ಲಿ ಕೈಬಿಟ್ಟಾಗ ಕೊಳವೆ ತಲೆತಗ್ಗಿಸಿದರೆ ಹಿಂದೆ ಇನ್ನೂ ತೂಕ ಬೇಕು.

ಹುಡುಕುವ ಸಲಕರಣೆಗಳಲ್ಲಿ ಮೊದಲು ಕೊಳ್ಳಬೇಕಾದ್ದು ಟೆಲ್ರಾಡ್. ಅರ್ಧ, 2 ಮತ್ತು 4 ಡಿಗ್ರಿಯ ಮೂರು ಕೆಂಪು ಬಳೆಗಳು ಆಕಾಶದ ಮೇಲೆಯೇ ಬಿದ್ದಂತೆ ಕಾಣುವುದರಿಂದ ನಕ್ಷೆಯ ಮೇಲಿನ ದೂರವನ್ನು ನೇರ ಅಳೆದುಕೊಳ್ಳಬಹುದು. ಆದರೆ ನೆತ್ತಿಯ ಕಡೆ ಅದರ ಹಿಂದೆ ತಲೆ ತೂರಿಸಲು ಕತ್ತು ತಿರುಚಬೇಕು. ಅಲ್ಲಿಗೆ 90 ಡಿಗ್ರಿ ಮಡಿಚಿದ, ಬಿಂಬವನ್ನು ನೇರವಾಗಿ ತೋರಿಸುವ 9×50 (9 ಪಟ್ಟು ವರ್ಧನೆ, 50 ಮಿ.ಮೀ. ಮಸೂರ) ಫೈಂಡರ್ ಎಂಬ ಪುಟ್ಟ ದುರ್ಬೀನು ಬೇಕು. ಎರಡನ್ನೂ ಇಟ್ಟುಕೊಳ್ಳುವುದು ದುಂದಲ್ಲ.

ಊರೊಳಗಿನ ತಾರಸಿಯಲ್ಲಿ ದಾರಿ ತೋರಿಸುವ ಸಣ್ಣ ನಕ್ಷತ್ರಗಳೇ ಕಾಣುವುದಿಲ್ಲ, ಅಲ್ಲಿ ಕೋನದ ಅಳತೆ ನೆರವಿಗೆ ಬರುತ್ತದೆ. ಪೀಠದ ಕೆಳಹಲಗೆಯಷ್ಟೇ ಅಗಲದ, 360 ಗೆರೆಗಳ ಒಂದು ವೃತ್ತವನ್ನು ಸ್ಟಿಕ್ಕರ್ ಮುದ್ರಿಸುವ ಅಂಗಡಿಯಲ್ಲಿ ವಿನೈಲ್ ಹಾಳೆಯ ಮೇಲೆ ಹಾಕಿಸಿಕೊಳ್ಳಿ. ವ್ಯಾಸ 50 ಸೆಂ.ಮೀ. ಇದ್ದರೆ ಒಂದು ಡಿಗ್ರಿಗೆ 4.4 ಮಿ.ಮೀ. ಸಿಗುತ್ತದೆ, ಅರ್ಧ ಡಿಗ್ರಿಯನ್ನು ಕಣ್ಣಳತೆಯಲ್ಲೇ ಓದಬಹುದು. ಎತ್ತರಕ್ಕೆ ಬಡಗಿಗಳು ಬಳಸುವ ಅಯಸ್ಕಾಂತದ ಡಿಜಿಟಲ್ ಕೋನಮಾಪಕ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಕೊಡುವ ದಿಕ್ಕು ಮತ್ತು ಎತ್ತರದ ಅಂಕಿಗಳಿಗೆ ತಿರುಗಿಸಿದರೆ 25 ಮಿ.ಮೀ. ಐಪೀಸಿನ 1 ಡಿಗ್ರಿಯ ದೃಷ್ಟಿಯೊಳಗೆ ವಸ್ತು ಬಂದಿರುತ್ತದೆ. ಅಂಕಿಯನ್ನು ಆ ನಿಮಿಷದಲ್ಲೇ ಓದಬೇಕು, ಎರಡು ನಿಮಿಷ ತಡವಾದರೆ ಅರ್ಧ ಡಿಗ್ರಿ ತಪ್ಪಿರುತ್ತದೆ.

ಇಲ್ಲಿ ಕೈಕೊಡುವುದು ಮಟ್ಟ. ತಾರಸಿಗೆ ಮಳೆನೀರು ಹರಿದುಹೋಗಲು ಇಳಿಜಾರು ಕೊಟ್ಟಿರುತ್ತಾರೆ, ಅದು ಕಣ್ಣಿಗೆ ಕಾಣುವುದಿಲ್ಲ. ಕಾಲುಗಳ ನಡುವೆ 40 ಸೆಂ.ಮೀ. ಅಂತರವಿದ್ದರೆ 7 ಮಿ.ಮೀ. ತಗ್ಗು ಎಂದರೆ 1 ಡಿಗ್ರಿ ವಾಲು. ಕೋನಮಾಪಕ ಭೂಮಿಯ ಸೆಳೆತವನ್ನು ನೋಡಿ ಅಳೆಯುವುದರಿಂದ ಎತ್ತರದ ಅಂಕಿ ಕೆಡುವುದಿಲ್ಲ. ದಿಕ್ಕಿನ ಅಂಕಿ ಕೆಡುತ್ತದೆ, ಮೇಲೇರಿದಂತೆ ಹೆಚ್ಚು ಕೆಡುತ್ತದೆ. ಮೂರು ಕಾಲಿಗೂ ತಿರುಪಿನ ಪಾದ ಹಾಕಿಸಿ ರಸಮಟ್ಟ ಇಟ್ಟು ಸರಿಮಾಡಿ. ಆಮೇಲೆ ಲುಬ್ಧಕವನ್ನೋ ರೋಹಿಣಿಯನ್ನೋ ಐಪೀಸಿನ ನಡುವಿಗೆ ತಂದು ವೃತ್ತವನ್ನು ಆ ಅಂಕಿಗೆ ಹೊಂದಿಸಿ. ಆಕಾಶದ ಇನ್ನೊಂದು ಭಾಗಕ್ಕೆ ಹೋದಾಗ ಅಲ್ಲಿನ ಒಂದು ನಕ್ಷತ್ರದಿಂದ ಮತ್ತೆ ಹೊಂದಿಸಿಕೊಳ್ಳುವುದು ವಾಸಿ.

ಐಪೀಸಿನ ವಿಷಯದಲ್ಲಿ ಒಂದೇ ಮಾತು. ಮೋಟಾರಿಲ್ಲದ ಮೌಂಟಿಗೆ ಅಗಲ ದೃಷ್ಟಿ ಎಂದರೆ ಸಮಯ. 6 ಮಿ.ಮೀ. ಐಪೀಸಿನಲ್ಲಿ 200 ಪಟ್ಟು ವರ್ಧನೆ ಬರುತ್ತದೆ. ಕಣ್ಣಿಗೆ 52 ಡಿಗ್ರಿ ಅಗಲ ಕಾಣಿಸುವ ಸಾಮಾನ್ಯ ಮಾದರಿಯಲ್ಲಿ ಗ್ರಹ ಒಂದು ನಿಮಿಷಕ್ಕೆ ಅಂಚಿನಿಂದ ಅಂಚಿಗೆ ಓಡಿಬಿಡುತ್ತದೆ, 82 ಡಿಗ್ರಿಯದರಲ್ಲಿ ಒಂದೂವರೆ ನಿಮಿಷಕ್ಕೂ ಹೆಚ್ಚು ನಿಲ್ಲುತ್ತದೆ. ಗ್ರಹ ಒಳಬರುವ ಅಂಚಿನಲ್ಲಿ ಅದನ್ನಿಟ್ಟು, ಕೈತೆಗೆದು, ಅದು ಸಾಗುತ್ತಿರುವಾಗ ನೋಡಿ. ಕೈತೆಗೆದ ಮೇಲೆ ನಡುಕ ಎಷ್ಟು ಹೊತ್ತಿಗೆ ನಿಂತಿತು ಎಂದು ಎಣಿಸಿ. ಒಂದು ಸೆಕೆಂಡಿನೊಳಗೆ ನಿಂತರೆ ಚೆನ್ನ, ಮೂರು ದಾಟಿದರೆ ಯಾವುದೋ ಬೋಲ್ಟ್ ಸಡಿಲವಿದೆ ಅಥವಾ ಯಾರೋ ತಾರಸಿಯಲ್ಲಿ ಓಡಾಡುತ್ತಿದ್ದಾರೆ. ಪಾದಗಳ ಕೆಳಗೆ ದಪ್ಪ ರಬ್ಬರ್ ಮ್ಯಾಟಿನ ತುಂಡುಗಳನ್ನಿಟ್ಟರೆ ಎರಡನೆಯದು ತಕ್ಕಮಟ್ಟಿಗೆ ತಗ್ಗುತ್ತದೆ.

ಎತ್ತರ ಬದಲಿಸಬಹುದಾದ ಕುರ್ಚಿ ಐಷಾರಾಮವಲ್ಲ. ಕೊಳವೆ ಮಲಗಿದಾಗಿನಿಂದ ನೆಟ್ಟಗೆ ನಿಲ್ಲುವವರೆಗೆ ಐಪೀಸ್ ಅರ್ಧ ಮೀಟರಿನಷ್ಟು ಏರಿಳಿಯುತ್ತದೆ. ಏಣಿಯಂತೆ 6 ಸೆಂ.ಮೀ.ಗೊಂದು ಕಚ್ಚು ಇರುವ ಮಡಿಚುವ ಚೌಕಟ್ಟು ಮಾಡಿಸಿ, ಆಸನವನ್ನು ಬೇಕಾದ ಕಚ್ಚಿಗೆ ಸಿಕ್ಕಿಸಿಕೊಳ್ಳಿ. ಬಗ್ಗಿ ನಿಂತು ನೋಡಿದಾಗ ಕಾಣದ ಗುರುವಿನ ಪಟ್ಟೆಗಳ ವಿವರ ಕೂತು ನೋಡಿದಾಗ ಕಾಣುತ್ತದೆ.

ನೋಡುವ ಕಾಲ ಡಿಸೆಂಬರಿನಿಂದ ಮಾರ್ಚ್. ಮಂಡ್ಯದ ನಾಲೆ ಬಯಲಿನಲ್ಲಿ, ಕಬ್ಬಿನ ಗದ್ದೆಯ ಪಕ್ಕ, ನಡುರಾತ್ರಿಗೆ ಮುಂಚೆಯೇ ಇಬ್ಬನಿ ಶುರು. ಕೊಳವೆಯ ತಳದಲ್ಲಿರುವ ದೊಡ್ಡ ಕನ್ನಡಿ ಒಣಗಿರುತ್ತದೆ. ಮೊದಲು ಮಬ್ಬಾಗುವುದು ಟೆಲ್ರಾಡಿನ ಗಾಜು ಮತ್ತು ಫೈಂಡರ್, ಆಮೇಲೆ ಚಿಕ್ಕ ಕನ್ನಡಿ. ಕಪ್ಪು ಯೋಗಾ ಮ್ಯಾಟನ್ನು ಕೊಳವೆಯ ಬಾಯಿಗೆ 30 ಸೆಂ.ಮೀ. ಮುಂದಕ್ಕೆ ಸುತ್ತಿ ವೆಲ್ಕ್ರೋ ಹಾಕಿದರೆ ಚಿಕ್ಕ ಕನ್ನಡಿ ಉಳಿಯುತ್ತದೆ. ಮ್ಯಾಟಿನ ತೂಕಕ್ಕೂ ಹಿಂದೆ ಅಯಸ್ಕಾಂತ ಸೇರಿಸಲು ಮರೆಯಬೇಡಿ.

ಜಾಗದ ಬಗ್ಗೆಯೂ ಹೇಳಬೇಕು. ಮೇಲುಕೋಟೆಯ ಕಡೆ ಉತ್ತರದ ಆಕಾಶ ಚೆನ್ನ, ಆದರೆ ಮೈಸೂರಿನ ಬೆಳಕು ಅಲ್ಲಿಗೆ ಸರಿಯಾಗಿ ದಕ್ಷಿಣದಲ್ಲಿ ಏಳುತ್ತದೆ, ಒಮೆಗಾ ಸೆಂಟಾರಿ ಇರುವ ದಿಕ್ಕಿನಲ್ಲೇ. ದಕ್ಷಿಣದ ವಸ್ತುಗಳಿಗಾಗಿ ನಂಜನಗೂಡು ದಾಟಿದ ಬಯಲಿಗೆ ಹೋಗುವುದು ಸರಿ. ಹೊಲದವರನ್ನು ಕೇಳಿಯೇ ನಿಲ್ಲಬೇಕು, ಕಾಡಂಚಿಗಂತೂ ಹೋಗಬಾರದು. ಆನೆ ಓಡಾಡುವ ಜಾಗದಲ್ಲಿ ಕತ್ತಲಲ್ಲಿ ಕಣ್ಣನ್ನು ಐಪೀಸಿಗೆ ಇಟ್ಟು ಕೂರುವಂತಿಲ್ಲ.

ಜೂನ್ ಬಂದರೆ ಕೊಳವೆಯ ಎರಡೂ ಬಾಯಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟು, ತಿಂಗಳಿಗೊಮ್ಮೆ ಅದನ್ನು ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸುತ್ತೇನೆ. ಪೀಠವನ್ನು ಗೋಡೆಗೆ ತಾಗಿಸದೆ, ನೆಲದಿಂದ ಎರಡು ಇಟ್ಟಿಗೆ ಮೇಲೆ ಇಡಬೇಕು, ಇಲ್ಲದಿದ್ದರೆ ಗೆದ್ದಲು. ಮಳೆ ತೆರವಾಗಿ ಹೊರತೆಗೆದಾಗ ಮೊದಲು ಬೋಲ್ಟುಗಳನ್ನು ಬಿಗಿದು, ಲ್ಯಾಮಿನೇಟ್ ಮತ್ತು ಟೆಫ್ಲಾನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈತಕ್ಕಡಿಯಿಂದ ಎರಡೂ ಅಕ್ಷದ ಎಳೆತ ಮತ್ತೆ ಅಳೆಯಬೇಕು. ಅಂಕಿ 1 ಕೆ.ಜಿ. ದಾಟಿದ್ದರೆ ಹೆಚ್ಚಿನ ಸಲ ಕಾರಣ ಟೆಫ್ಲಾನಿಗೆ ಹತ್ತಿದ ಧೂಳೇ ಆಗಿರುತ್ತದೆ.