ಸರ್‌ನೇಮ್ ಇಲ್ಲದ ಪಾಸ್‌ಪೋರ್ಟ್, ಜರ್ಮನಿಯಲ್ಲಿ ಬ್ಯಾಂಕ್ ಖಾತೆ

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಪ್ಪನ ಹೆಸರೂ ನನ್ನ ಹೆಸರೂ ಗಿವನ್ ನೇಮ್‌ನಲ್ಲೇ ಇವೆ. ನಮ್ಮ ಕಡೆ ಮಾಮೂಲಿ, ಅಲ್ವಾ? ಬರ್ಲಿನ್‌ನಲ್ಲಿ ಮಾತ್ರ ಖಾತೆಯ ಫಾರ್ಮ್ ಮುಂದಕ್ಕೇ ಹೋಗಲಿಲ್ಲ.

ಸರ್‌ನೇಮ್ ಜಾಗದಲ್ಲಿ ಚುಕ್ಕೆ ಹಾಕಿದೆ, ಆಗಲಿಲ್ಲ. ಅಪ್ಪನ ಹೆಸರು ಹಾಕಿದೆ. ವಿಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟ್ ಜೊತೆ ತಾಳೆಯಾಗಲಿಲ್ಲ ಎಂದು ಕಟ್ ಮಾಡಿದರು. ಇನ್ನೊಂದು ಬ್ಯಾಂಕಿನಲ್ಲೂ ಅದೇ ಕಥೆ.

ಕೊನೆಗೆ ಆನ್‌ಲೈನ್ ಬಿಟ್ಟೆ. ಮೊದಲು ಮನೆ ಮಾಲೀಕರ ಸಹಿ ಇರುವ ವೋನುಂಗ್ಸ್‌ಗೇಬರ್ ಕಾಗದ (ನೀವು ಆ ಮನೆಗೆ ಬಂದಿದ್ದೀರಿ ಎಂಬ ದೃಢೀಕರಣ) ತಗೊಳ್ಳಿ, ಸುಮ್ನೆ ಬಾಡಿಗೆ ಕರಾರು ತೋರಿಸಿದರೆ ನಡೆಯಲ್ಲ. ಅದರ ಮೇಲೆ ಬ್ಯುರ್ಗರ್‌ಆಮ್ಟ್‌ನಲ್ಲಿ (ನಾಗರಿಕ ಸೇವಾ ಕಚೇರಿ) ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ, ಮಾಡಿಸಿ. ಅವರು ಕೊಡುವ ಹಾಳೆಯನ್ನು ಕೌಂಟರ್ ಬಿಡುವ ಮೊದಲೇ ಓದಿ. ನನ್ನದರಲ್ಲಿ ಮನೆತನದ ಹೆಸರಿನ ಎದುರು ಪೂರ್ತಿ ಹೆಸರಿತ್ತು, ಮೊದಲ ಹೆಸರಿನ ಎದುರು ಬರೀ ಗೆರೆ. ಬ್ಯಾಂಕ್ ಫಾರ್ಮಿನಲ್ಲೂ ಅಕ್ಷರ ಬಿಡದೆ ಹಾಗೇ ತುಂಬಿದೆ.

ಆಮೇಲೆ ಶಾಖೆಗೆ ಹೋಗಿ, ಮಾಮೂಲಿ ಖಾತೆಯಲ್ಲ, 'ಬಾಸಿಸ್‌ಕೊಂಟೊ' (ಮೂಲ ಸೌಲಭ್ಯದ ಖಾತೆ) ಅರ್ಜಿ ಕೇಳಿ. ಕಾನೂನುಬದ್ಧವಾಗಿ ಇರುವವರಿಗೆ 2016ರಿಂದ ಇದು ಹಕ್ಕು. ಪಾಸ್‌ಪೋರ್ಟ್, ಆ ಹಾಳೆ ಎರಡನ್ನೂ ಜೊತೆಗಿಡಿ. ಅರ್ಜಿಯ ನಕಲಿನ ಮೇಲೆ ತಾರೀಕಿನ ಸೀಲ್ ಹಾಕಿಸಿಕೊಳ್ಳಿ. ಪೂರ್ತಿ ಅರ್ಜಿ ಸಿಕ್ಕ ಮೇಲೆ ಬ್ಯಾಂಕಿಗೆ 10 ಕೆಲಸದ ದಿನ ಮಾತ್ರ ಸಮಯ. ತಿಂಗಳ ಶುಲ್ಕ ಸ್ವಲ್ಪ ಜಾಸ್ತಿ. ನನಗೆ ಏಳನೇ ದಿನ ಐಬಾನ್, ಅಂದರೆ ಖಾತೆ ಸಂಖ್ಯೆ, ಬಂತು.